ಉತ್ತರಕ್ಕೆ ಕದಲಿಸುವುದು

ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ಮೊದಲ ಮರ್ಯಾದೆ ಸ್ಮೋಕ್ ಅಲಾರ್ಮ್‌ಗೆ. ಊದುಬತ್ತಿ ಹಚ್ಚುವುದಕ್ಕೆ ಮುಂಚೆ ಯಾರಾದರೂ ಸ್ಟೂಲು ಹತ್ತಿ ಅದಕ್ಕೊಂದು ಶವರ್ ಕ್ಯಾಪ್ ತೊಡಿಸಬೇಕು. ಇಲ್ಲದಿದ್ದರೆ ಮಂಗಳಾರತಿಯ ಹೊತ್ತಿಗೆ ಅದು ಕಿರುಚಲು ಶುರು ಮಾಡುತ್ತದೆ, ಪಕ್ಕದ ಮನೆಯ ಅಜ್ಜ ಗೋಡೆ ತಟ್ಟುತ್ತಾನೆ. ಈ ಕೆಲಸ ಚಿಕ್ಕಂದಿನಿಂದಲೂ ಮಗಳದ್ದು. ಹೀಥ್ರೂ ಪಕ್ಕದ ಹೌನ್ಸ್ಲೋದ ಈ ಮನೆಗೆ ಬಂದ ಹೊಸತರಲ್ಲಿ ಅವಳನ್ನು ಅವಳಪ್ಪ ಎತ್ತಿ ಹಿಡಿಯಬೇಕಾಗಿತ್ತು. ಈಗ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತರೆ ಸಾಕು.

ದೇವರ ಜಾಗ ಎಂದರೆ ಅಡುಗೆಮನೆಯಲ್ಲಿ ಕಿಟಕಿಯ ಬಲಕ್ಕಿರುವ ಅಗಲವಾದ ಒಂದು ಶೆಲ್ಫ್. ನಮಗಿಂತ ಮೊದಲು ಇದ್ದವರು ಅಲ್ಲಿ ಮೈಕ್ರೋವೇವ್ ಇಟ್ಟಿದ್ದರು. ಅದರ ಕಾಲಿನ ಗುರುತು ಇನ್ನೂ ಇದೆ, ಅದರ ಮೇಲೆ ರಂಗೋಲಿಯ ಸ್ಟಿಕ್ಕರ್ ಅಂಟಿಸಿದ್ದೇನೆ. ಪೂಜೆಗೆ ಇಡುವ ಸಾಮಾನು ಹೆಚ್ಚಿಲ್ಲ. ಇವರ ದೊಡ್ಡ ಚೂರಿ. ಇವರು ಸೌತ್‌ಹಾಲ್‌ನ ಒಂದು ಹೋಟೆಲಿನಲ್ಲಿ ಅಡುಗೆಯವರು, ಕುಂದಾಪುರದಿಂದ ಬಂದಾಗಿನಿಂದ ಅದೇ ಕೆಲಸ, ಚೂರಿ ಮಾತ್ರ ಸ್ವಂತದ್ದು. ನನ್ನ ಹೊಲಿಗೆ ಕತ್ತರಿ. ಕಾರನ್ನು ಒಳಗೆ ತರುವಂತಿಲ್ಲವಾದ್ದರಿಂದ ಅದರ ಕೀ. ಮತ್ತೆ ಮಗಳ ಪುಸ್ತಕಗಳು. ನಾನು ಹತ್ತಿರದ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು. ಶಾಲೆಯ ಸೌಟನ್ನು ಮನೆಗೆ ತರಲಿಕ್ಕಾಗುವುದಿಲ್ಲ, ಹಾಗಾಗಿ ಕತ್ತರಿಯೇ ನನ್ನ ಆಯುಧ.

ನವಮಿಗೆ ಇಟ್ಟದ್ದನ್ನು ಆಮೇಲೆ ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಆರತಿ ಮಾಡಿ, ಎಲ್ಲವನ್ನೂ ಒಂದಿಷ್ಟು ಉತ್ತರಕ್ಕೆ ಕದಲಿಸಬೇಕು. ಅಲ್ಲಿಗೆ ಪೂಜೆ ಮುಗಿಯಿತು. ಆಮೇಲೆ ಅವರವರ ಸಾಮಾನು ಅವರವರು ತೆಗೆದುಕೊಂಡು ಸ್ವಲ್ಪವಾದರೂ ಕೆಲಸ ಮಾಡಬೇಕು. ನಾನು ಒಂದು ಹಳೆಯ ದಿಂಬಿನ ಕವರಿಗೆ ನಾಲ್ಕು ಹೊಲಿಗೆ ಹಾಕುತ್ತೇನೆ, ಇವರು ಒಂದು ಸೌತೆಕಾಯಿ ಹೆಚ್ಚುತ್ತಾರೆ, ಮಗಳು ಒಂದು ಪುಟ ಓದುತ್ತಾಳೆ.

ಕಳೆದ ದಸರಾದ ಹೊತ್ತಿಗೆ ಮಗಳು ಆಪ್ಟೋಮೆಟ್ರಿಯ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದಳು. ಅಂದರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಓದು. ಎರಡು ದಪ್ಪ ಪುಸ್ತಕಗಳ ಜೊತೆಗೆ ಕಪ್ಪು ಪೆಟ್ಟಿಗೆಯಲ್ಲಿದ್ದ ರೆಟಿನೋಸ್ಕೋಪನ್ನೂ ಅವಳೇ ತಂದು ಶೆಲ್ಫಿನಲ್ಲಿಟ್ಟಳು. ಅದು ಟಾರ್ಚಿನ ಹಾಗಿರುವ ಸಾಧನ. ಎದುರಿನವರ ಕಣ್ಣಿನೊಳಗೆ ಬೆಳಕು ಬಿಟ್ಟು, ಅದು ಯಾವ ಕಡೆ ಸರಿಯುತ್ತದೆ ಎಂದು ನೋಡಿ ನಂಬರು ಹೇಳುತ್ತಾರೆ. ಮೊದಲ ವರ್ಷವೆಲ್ಲ ನಮ್ಮಿಬ್ಬರನ್ನೂ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಕೂರಿಸಿಕೊಂಡು ಅದನ್ನೇ ಅಭ್ಯಾಸ ಮಾಡಿದ್ದಳು. ಈಗ ಪೆಟ್ಟಿಗೆಗೆ ಕುಂಕುಮ ಹಚ್ಚುತ್ತ ನಾನು, ನಾಳೆ ಕಾಲೇಜಿನ ಕ್ಲಿನಿಕ್ ಇಲ್ಲವಾ ಎಂದು ಕೇಳಿದೆ. ಇದ್ದರೂ ಪರವಾಗಿಲ್ಲ ಎಂದಳು. ಅಷ್ಟು ಭಕ್ತಿ ಎಲ್ಲಿಂದ ಬಂತು ಎಂದು ಒಂದು ಕ್ಷಣ ಅನಿಸಿತು, ಅಷ್ಟರಲ್ಲಿ ಪಾಯಸ ತಳ ಹಿಡಿಯುವ ವಾಸನೆ ಬಂದು ಆ ಯೋಚನೆ ಅಲ್ಲಿಗೇ ನಿಂತಿತು.

ವಿಜಯದಶಮಿ ವಾರದ ನಡುವೆ ಬಿತ್ತು. ಇಲ್ಲಿ ಹಬ್ಬಗಳನ್ನು ಶನಿವಾರಕ್ಕೆ ತಳ್ಳುವುದು ಎಲ್ಲರ ರೂಢಿ, ಆದರೆ ಇವರ ಚೂರಿ ಶನಿವಾರದವರೆಗೆ ಕಾಯುವಂತಿರಲಿಲ್ಲ, ಹೋಟೆಲಿನ ಈರುಳ್ಳಿಗೆ ದಸರಾ ರಜೆ ಇಲ್ಲ. ಬೆಳಿಗ್ಗೆ ಬೇಗ ಎದ್ದು ಒಬ್ಬಳೇ ಆರತಿ ಎತ್ತಿ, ಎಲ್ಲವನ್ನೂ ಕಿಟಕಿಯ ಕಡೆಗೆ ಒಂದಿಷ್ಟು ಸರಿಸಿದೆ. ಇವರು ಚೂರಿ ತೆಗೆದುಕೊಂಡು ಹೊರಟರು, ನಾನು ಕತ್ತರಿಯನ್ನು ಸಂಜೆಗೆಂದು ತೆಗೆದಿಟ್ಟು ಶಾಲೆಗೆ ಹೋದೆ. ಮಗಳು ಆಗ ಇನ್ನೂ ಶವರ್‌ನಲ್ಲಿದ್ದಳು.

ಅವಳ ಸಾಮಾನು ಸಂಜೆಗೂ ಅಲ್ಲೇ ಇತ್ತು. ಮರುದಿನವೂ ಇತ್ತು. ನಾನು ಮುಟ್ಟಲಿಲ್ಲ. ನಮ್ಮ ತವರಿನಲ್ಲಿ ಒಬ್ಬರ ಆಯುಧವನ್ನು ಇನ್ನೊಬ್ಬರು ಪೂಜೆಯಿಂದ ಎತ್ತುವ ಪದ್ಧತಿ ಇರಲಿಲ್ಲ. ಬೇಕಾದಾಗ ತೆಗೆದುಕೊಳ್ಳುತ್ತಾಳೆ ಎಂದು ದಿನಾ ದೀಪ ಹಚ್ಚುವಾಗ ಅದರ ಪಕ್ಕಕ್ಕೇ ಒಂದು ಹೂವಿಟ್ಟು ಬರುತ್ತಿದ್ದೆ.

ಅವಳು ಮಂಕಾಗಿದ್ದಳು ಎಂಬುದು ಗೊತ್ತಿರಲಿಲ್ಲವೆಂದಲ್ಲ. ಬೇಸಿಗೆಯಿಂದಲೇ ಶುರುವಾಗಿತ್ತು. ಬೆಳಿಗ್ಗೆ ಅವಳ ಫೋನಿನ ಅಲಾರ್ಮ್ ಹೊಡೆದುಕೊಳ್ಳುತ್ತದೆ, ನಿಲ್ಲುತ್ತದೆ, ಮತ್ತೆ ಹೊಡೆದುಕೊಳ್ಳುತ್ತದೆ. ಚಹಾ ಕಪ್ಪಿನಲ್ಲೇ ಕೆನೆಗಟ್ಟುತ್ತದೆ. ಡಬ್ಬಿಯಲ್ಲಿ ಕಳಿಸಿದ ಚಿತ್ರಾನ್ನದಲ್ಲಿ ಕಡಲೆಕಾಯಿ ಮಾತ್ರ ಖರ್ಚಾಗಿ ಉಳಿದದ್ದು ವಾಪಸು ಬರುತ್ತದೆ. ಮಾರ್ಕ್ಸ್ ಕಡಿಮೆಯಾಗಿರಲಿಲ್ಲ, ಮೊದಲ ವರ್ಷ ಚೆನ್ನಾಗಿಯೇ ಪಾಸಾಗಿದ್ದಳು. ಹಾಗಾಗಿ ನನಗೆ ಅನಿಸಿದ್ದು ಇಷ್ಟೇ: ರಕ್ತ ಕಡಿಮೆ ಇರಬೇಕು. ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಸರಿಯಾಗಿಯೇ ಇತ್ತು.

ಹಬ್ಬದ ಆ ವಾರದ ಕೊನೆಗೆ ಕಿಂಗ್ಸ್‌ಬರಿಯ ಒಂದು ಹಾಲ್‌ನಲ್ಲಿ ಕನ್ನಡದವರ ದಸರಾ ಕೂಟವಿತ್ತು. ಇವರಿಗೆ ಬರಲಾಗಲಿಲ್ಲ, ನಾವಿಬ್ಬರೇ ಹೋದೆವು. ಮಗಳು ಕೋರ್ಸು ಸೇರಿದಾಗಿನಿಂದ ಅಲ್ಲಿ ಅವಳಿಗೆ ಬಹಳ ಬೇಡಿಕೆ. ಊಟದ ಸಾಲಿನಲ್ಲಿ ನಿಂತಲ್ಲೇ ಹೆಂಗಸರು ಕನ್ನಡಕ ತೆಗೆದು ಅವಳ ಕೈಗೆ ಕೊಡುತ್ತಾರೆ. ಅವತ್ತು ಬೆಂಗಳೂರಿನ ಒಬ್ಬ ಹೆಂಗಸು, ಐಟಿಯಲ್ಲಿ ಇರುವವರು, ಅವಳನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಹೋದರು.

"ಏನ್ ಡಾಕ್ಟ್ರಮ್ಮಾ, ನಂದೊಂದ್ಸಲ ನೋಡೇ. ಈ ಸಲದ ಕನ್ನಡಕದಲ್ಲಿ ಮೆಟ್ಟಿಲೆಲ್ಲ ಓರೆಯಾಗ್ ಕಾಣತ್ತೆ."

"ಸಾರಿ ಆಂಟಿ," ಎಂದಳು ಮಗಳು. "ನನ್ನ ಇನ್‌ಸ್ಟ್ರುಮೆಂಟ್ ಪೂಜೆಲಿ ಇದೆ."

ಅವರು ಸುತ್ತಲಿದ್ದವರ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ನಮ್ಮನೇಲೂ ಒಂದಿದೆ, ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ರೆ ಕೀಬೋರ್ಡ್ ಹಾಳಾಗತ್ತೆ ಅಂತ ಜಗಳಕ್ಕೇ ಬರತ್ತೆ."

ಆಮೇಲೆ ಊಟ ಮುಗಿಯುವವರೆಗೂ ನನ್ನ ಮಗಳ ಸಂಸ್ಕಾರದ ಮಾತೇ. ಇದನ್ನೆಲ್ಲ ಹೇಗೆ ಕಲಿಸಿದಿರಿ ಎಂದು ಇಬ್ಬರು ಮೂವರು ನನ್ನನ್ನು ಕೇಳಿದರು. ನಾನು ಬಿಸಿಬೇಳೆ ಭಾತಿನಲ್ಲಿ ಮುಖ ಹುದುಗಿಸಿಕೊಂಡೆ. ವಾಪಸು ಬರುತ್ತ, ನೆಲದಡಿಯ ಟ್ಯೂಬ್ ರೈಲಿನಲ್ಲಿ ಜ್ಯೂಬಿಲಿ ಲೈನಿನಿಂದ ಪಿಕಡಿಲಿ ಲೈನಿಗೆ ಬದಲಾಯಿಸುವ ಉದ್ದದ ದಾರಿಯಲ್ಲಿ, ಪೂಜೆ ಎಂದೋ ಮುಗಿಯಿತಲ್ಲ ಎಂದು ಶುರು ಮಾಡಿದೆ. ಆಂಟಿಯ ಕಣ್ಣು ನೋಡುವುದನ್ನು ತಪ್ಪಿಸಿಕೊಳ್ಳಲು ಹೇಳಿದ್ದು ಎಂದುಕೊಂಡಿದ್ದೆ. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು.

ಮುಂದಿನ ವಾರ ಒಂದು ಸಂಜೆ ಸೌತ್‌ಹಾಲ್‌ನಿಂದ ಇವರು ತಂದ ಬಸಳೆ ಸೋಸುತ್ತ ಕೂತಿದ್ದೆ. ಮಗಳು ಬಂದವಳು ಕೋಟು ಕೂಡ ತೆಗೆಯದೆ ಬಾಗಿಲಲ್ಲಿ ನಿಂತಳು. ಅವಳಿಗೆ ನಮ್ಮ ಮಾತು ಎಲ್ಲ ಅರ್ಥವಾಗುತ್ತದೆ, ಆದರೆ ಆಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಕನ್ನಡ ಬರುವುದು ಆಂಟಿಯರೆದುರು, ಇಲ್ಲವೇ ಹಸಿವಾದಾಗ. ಅವತ್ತು ಇಂಗ್ಲಿಷಿನಲ್ಲೇ ಕೇಳಿದಳು: ಈ ಪೂಜೆ ಯಾವಾಗ ಮುಗಿಯುತ್ತದೆ, ಅವಳ ಕ್ಲಿನಿಕ್ಕಿನ ಸೂಪರ್‌ವೈಸರ್‌ಗೆ ತಿಳಿಯಬೇಕಂತೆ.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾದದ್ದು ಇದು. ದಸರಾ ಕಳೆದ ಮೇಲೂ ಅವಳು ರೆಟಿನೋಸ್ಕೋಪ್ ಇಲ್ಲದೆಯೇ ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಎಲ್ಲಿ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ದೇವರ ಮುಂದೆ ಇದೆ, ಪೂಜೆ ಮುಗಿಯುವವರೆಗೆ ಮುಟ್ಟುವಂತಿಲ್ಲ ಎಂದಿದ್ದಳು. ಸೂಪರ್‌ವೈಸರ್ ಆದ ಹೆಂಗಸು ಬಹಳ ಸಭ್ಯಸ್ಥೆ. ಧಾರ್ಮಿಕ ಆಚರಣೆ ಎಂದ ಮೇಲೆ ಮುಗಿಯಿತು. ಯಾರೂ ಇವಳನ್ನು ಒತ್ತಾಯಿಸಬಾರದು, ಇವಳು ಕೂತು ನೋಡಿದರೆ ಸಾಕು ಎಂದು ತರಗತಿಗೆಲ್ಲ ಹೇಳಿದ್ದರಂತೆ. ಈಗ ಪ್ರಾಕ್ಟಿಕಲ್ ಪರೀಕ್ಷೆ ಬರುತ್ತಿತ್ತು. ದೇವಿಯ ಹಬ್ಬ ಎಂದು ಮುಗಿಯುತ್ತದೆ ಎಂದು ತಿಳಿದರೆ ಇವಳ ಸರದಿಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು ಎಂದಷ್ಟೇ ಅವರು ಕೇಳಿದ್ದು.

"ಪೂಜೆ ಮುಗ್ದ್ ಎಷ್ಟ್ ದಿನ ಆಯ್ತ್ ಮಾರಾಯ್ತಿ," ಎಂದೆ.

"ನೀನು ಕೊಡ್ಲೇ ಇಲ್ಲ."

"ನಾ ಕೊಡೂದಾ? ನಿನ್ ಸಾಮಾನ್ ನೀನೇ ತಕಣ್ಕ್ ಅಲ್ದಾ?"

ಅವಳು ಹೇಳಿದ್ದರಲ್ಲೂ ಸತ್ಯವಿತ್ತು. ಸಣ್ಣವಳಿದ್ದಾಗ ಪ್ರತಿ ವರ್ಷ ನಾನೇ ಪುಸ್ತಕ ಎತ್ತಿ, ಅವಳ ಹಣೆಗೂ ಕುಂಕುಮ ಹಚ್ಚಿ, ಕೈಗೆ ಕೊಡುತ್ತಿದ್ದೆ. ಮಕ್ಕಳಿಗೆ ಶೆಲ್ಫ್ ಎಟುಕುವುದಿಲ್ಲ ಎಂದು ಮಾಡಿದ್ದು ಅದು. ಅವಳು ಅದನ್ನೇ ಶಾಸ್ತ್ರ ಎಂದು ತಿಳಿದಿದ್ದಳು. ಅಮ್ಮ ಕೊಡುವವರೆಗೆ ಪೂಜೆ ಮುಗಿಯುವುದಿಲ್ಲ. ನಾನು ಅವಳು ತೆಗೆದುಕೊಳ್ಳಲಿ ಎಂದು, ಅವಳು ನಾನು ಕೊಡುತ್ತೇನೆಂದು. ನಡುವೆ ಆ ಕಪ್ಪು ಪೆಟ್ಟಿಗೆ ದಿನಾ ಒಂದು ಹೂವು ಏರಿಸಿಕೊಂಡು ಕೂತಿತ್ತು.

ಸರಿ, ಈಗ ಕೊಡುತ್ತೇನೆ ಎಂದು ಕೈ ಒರೆಸಿಕೊಂಡು ಎದ್ದೆ. ಬೇಡ ಎಂದಳು. ಆಮೇಲೆ ಕೋಟಿನಲ್ಲೇ ಕುರ್ಚಿಯ ಮೇಲೆ ಕೂತು, ನೀನು ಕೊಡದೆ ಇರಲಿ ಎಂದೇ ಕಾಯುತ್ತಿದ್ದೆ ಎಂದಳು. ಒಂದು ಬಸಳೆ ದಂಟು ಎತ್ತಿಕೊಂಡು ಎಲೆ ಬಿಡಿಸುತ್ತ, ನನ್ನ ಮುಖ ನೋಡದೆ, ನಿಧಾನವಾಗಿ ಹೇಳುತ್ತಾ ಹೋದಳು. ಕ್ಲಿನಿಕ್ಕಿನ ಕತ್ತಲೆ ಕೋಣೆಯಲ್ಲಿ ಇಡೀ ದಿನ ಜನರನ್ನು ಒಂದೇ ಪ್ರಶ್ನೆ ಕೇಳುತ್ತಿರಬೇಕು: ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತದಾ, ಈ ಗಾಜಿನಲ್ಲಾ, ಒಂದಾ, ಎರಡಾ, ಎರಡೂ ಒಂದೇನಾ. ಮೊದಲೆಲ್ಲ ಅವರು ಏನು ಹೇಳುತ್ತಾರೆಂದು ಕುತೂಹಲ ಇತ್ತು. ಈಗ ಅವರು ಉತ್ತರ ಹೇಳುತ್ತಿರುವಾಗ ಅವಳಿಗೆ ಕೇಳಿಸುವುದೇ ಇಲ್ಲ. ಇದು ನನ್ನ ಕೆಲಸವಲ್ಲ ಎಂದು ಒಂದು ದಿನ ಬೆಳಿಗ್ಗೆ ಬಸ್ಸಿನಲ್ಲಿ ಅನಿಸಿತು, ಆಮೇಲೆ ಆ ಅನಿಸಿಕೆ ಹೋಗಲೇ ಇಲ್ಲ.

ಪರೀಕ್ಷೆ ಹಾಫ್ ಟರ್ಮ್ ಎಂಬ ಒಂದು ವಾರದ ನಡುರಜೆ ಮುಗಿದ ಸೋಮವಾರಕ್ಕಿತ್ತು. ಅವತ್ತು ಸಾಧನ ಹಿಡಿದುಕೊಂಡು ಹೋಗಬೇಕು, ಇಲ್ಲವೇ ವಿಭಾಗದವರಲ್ಲಿ ಮಾತಾಡಿ ಒಂದು ವರ್ಷ ಓದು ನಿಲ್ಲಿಸಬೇಕು. ಹಾಗೆ ನಿಲ್ಲಿಸಲು ಅವಕಾಶ ಇದೆಯಂತೆ, ಪಟ್ಟಿಯಿಂದ ಹೆಸರು ಹೋಗುವುದಿಲ್ಲವಂತೆ. ಅವಳು ಅದನ್ನೆಲ್ಲ ವಿಚಾರಿಸಿಕೊಂಡೇ ಬಂದಿದ್ದಳು. ನನಗೆ ಕೇಳಿಸಿದ್ದು 'ನಿಲ್ಲಿಸುವುದು' ಎಂಬ ಮಾತು ಮಾತ್ರ. ಒಮ್ಮೆ ನಿಂತರೆ ಮತ್ತೆ ಹೊರಡುತ್ತಾಳಾ? ಬಸಳೆಯನ್ನು ತೊಳೆದದ್ದನ್ನೇ ಮತ್ತೆ ತೊಳೆದೆ.

ಮಂಗಳವಾರ ಇವರ ಹೋಟೆಲಿಗೆ ರಜೆ. ಊಟದ ಮೇಜಿಗೆ ಮೂವರೂ ಕೂತೆವು. ಇವರಿಗೆ ವಿಷಯ ನಾನು ಮೊದಲೇ ಹೇಳಿದ್ದೆ.

"ಯಾರಾರೂ ನಿಂಗೆ ಇದನ್ನೇ ಓದ್ ಅಂದ್ರಾ?" ಎಂದು ಕೇಳಿದರು.

ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿದ್ದಾಗ ಹೈ ಸ್ಟ್ರೀಟಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ನೋಡಲು ಒಂದು ವಾರ ಹೋಗಿದ್ದಳು. ಆ ಕತ್ತಲೆ ಕೋಣೆಯ ಮೌನ ಇಷ್ಟವಾಯಿತು ಎಂದು ಅವಳೇ ಆರಿಸಿಕೊಂಡಿದ್ದು. ಈಗ ತಟ್ಟೆ ನೋಡುತ್ತ ಹೇಳಿದಳು, ಅದೇ ಕಷ್ಟ ಅಪ್ಪಾ, ನೀವು ಒತ್ತಾಯ ಮಾಡಿದ್ದರೆ ನಿಮ್ಮ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

"ಹಾಂಗಾರೆ ಈಗ್ ಒತ್ತಾಯ ಮಾಡ್ಲಾ? ನಾಳೆಯಿಂದ ಸಿಟ್ಟ್ ಮಾಡ್ಕೊ."

ಅವಳಿಗೆ ನಗು ಬಂತು. ಅದನ್ನು ಕಂಡು ಇವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮತ್ತೆ ಎಂತ ಓದುತ್ತೀ ಎಂದು ಕೇಳಿದರು. ಗೊತ್ತಿಲ್ಲ ಎಂದಳು.

"ಗೊತ್ತಿಲ್ಲೆ ಅಂಬುದಕ್ಕೂ ಡಿಗ್ರಿ ಕೊಡ್ತ್ರಾ ಇಲ್ಲಿ?"

ಆ ಮಾತಿಗೂ ನಕ್ಕಳು, ನಗುತ್ತಲೇ ಅಳು ಬಂತು. ಇವರು ತಬ್ಬಿಬ್ಬಾದರು. ರಜೆಯ ದಿನ ಒಲೆಯ ಹತ್ತಿರ ಸುಳಿಯುವ ಅಭ್ಯಾಸ ಇವರಿಗಿಲ್ಲ, ಒಂದು ಲೋಟ ನೀರೂ ಕೂತಲ್ಲಿಗೇ ಬರಬೇಕು. ಅವತ್ತು ಎದ್ದು ಹೋಗಿ ಫ್ರಿಜ್ಜಿನಲ್ಲಿದ್ದ ಹಿಟ್ಟು ತೆಗೆದು, ಅವಳು ಸಾಕು ಸಾಕು ಎನ್ನುವವರೆಗೂ ನೀರುದೋಸೆ ಹೊಯ್ದರು.

ನನಗೆ ಸುಲಭವಾಗದೇ ಇದ್ದದ್ದು ಆ 'ಗೊತ್ತಿಲ್ಲ'. ಇದು ಬೇಡ, ಅದು ಬೇಕು ಎಂದಿದ್ದರೆ ಅದರ ಬೆನ್ನು ಹಿಡಿಯಬಹುದಿತ್ತು. ಹಾಡಬೇಕು, ಚಿತ್ರ ಬರೆಯಬೇಕು, ಏನಾದರೂ ಇರುತ್ತದಲ್ಲ ಮಕ್ಕಳಿಗೆ. ಶಾಲೆಯಲ್ಲಿ ಬಟಾಣಿ ಬಡಿಸುತ್ತ ಅದನ್ನೇ ಯೋಚಿಸುತ್ತಿದ್ದೆ. ಅಲ್ಲಿಯೂ ಒಬ್ಬ ಹುಡುಗಿ ಇದ್ದಾಳೆ, ಬಟಾಣಿ ಬೇಡ ಎನ್ನುತ್ತಾಳೆ; ಜೋಳ ಬೇಕಾ ಎಂದರೆ ಭುಜ ಹಾರಿಸುತ್ತಾಳೆ. ಅವಳಿಗೆ ನಾನು ಎರಡೂ ಹಾಕದೆ ಮುಂದೆ ಕಳಿಸುತ್ತೇನೆ. ಮನೆಯದು ಅಷ್ಟು ಸುಲಭವಿರಲಿಲ್ಲ.

ಹಾಫ್ ಟರ್ಮ್ ಬಂತು, ನನಗೂ ರಜೆ. ಅವಳ ಕಾಲೇಜಿನಲ್ಲೂ ಅದು ಓದಿಕೊಳ್ಳುವ ವಾರ. ಅವಳು ಓದಲಿಲ್ಲ. ನನ್ನ ಜೊತೆ ಕಪಾಟು ಜೋಡಿಸಿದಳು, ಹಳೆಯ ಉಣ್ಣೆಯ ಬಟ್ಟೆಗಳನ್ನು ಚ್ಯಾರಿಟಿ ಅಂಗಡಿಗೆ ಕಟ್ಟಿದಳು, ಹಪ್ಪಳ ಸುಟ್ಟಳು. ರೆಟಿನೋಸ್ಕೋಪಿನ ಮಾತು ನಾನೂ ಎತ್ತಲಿಲ್ಲ. ನಾನು ಸುಮ್ಮನಿರುವುದೇ ದೊಡ್ಡ ಗಲಾಟೆಯಂತೆ ಕೇಳಿಸುತ್ತದೆ ಎಂದು ಒಮ್ಮೆ ಅವಳೇ ಹೇಳಿದಳು.

ಇವರಿಗೆ ಸುಮ್ಮನಿರಲಾಗಲಿಲ್ಲ. ಒಂದು ಬೆಳಿಗ್ಗೆ ಹೋಟೆಲಿಗೆ ಹೊರಡುವ ಮೊದಲು ಮೆಟ್ಟಿಲ ಕೆಳಗೆ ಹೋಗಿ, ಕಸ ಹೀರುವ ಹೂವರ್‌ನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕತ್ತಲೆಯಲ್ಲಿ ಕೂತರು. ಒಂದು ಕಣ್ಣು ಅಂಗೈಯಿಂದ ಮುಚ್ಚಿಕೊಂಡು ಮಗಳನ್ನು ಕರೆದರು. ಈಚೆಗೆ ಸಾಸಿವೆಗೂ ಮೆಂತ್ಯಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಒಂದು ಸಲ ನೋಡಿಬಿಡು ಎಂದರು. ಯಾವ ಅಡುಗೆಯವನಿಗೆ ಸಾಸಿವೆ ಮೆಂತ್ಯ ಗೊತ್ತಾಗುವುದಿಲ್ಲ? ಮಗಳು ಬಾಗಿಲಿಗೆ ಒರಗಿ ನಿಂತಳು.

"ಅಪ್ಪಾ, ದಿಸ್ ವೋಂಟ್ ವರ್ಕ್," ಎಂದಳು. ಆದರೂ ಲೈಟು ಹಾಕಿ, ಅವರ ಕೈಗೆ ಒಂದು ಅಕ್ಕಿ ಪೊಟ್ಟಣ ಕೊಟ್ಟು ಅದರ ಹಿಂಬದಿಯಲ್ಲಿ ಬರೆದದ್ದನ್ನು ಓದಲು ಹೇಳಿದಳು. ಅವರು ಪೊಟ್ಟಣವನ್ನು ದೂರ ದೂರ ಹಿಡಿದರು. ಓದುವ ಕನ್ನಡಕ ಬೇಕು, ಅಂಗಡಿಗೆ ಹೋಗಿ ಸರಿಯಾಗಿ ಪರೀಕ್ಷೆ ಮಾಡಿಸಿಕೊ ಎಂದಳು. ಅದಕ್ಕೆ ರೆಟಿನೋಸ್ಕೋಪ್ ಬೇಕಾಗಲಿಲ್ಲ. ಇವರು ಕುರ್ಚಿ ಎತ್ತಿಕೊಂಡು ಈಚೆ ಬಂದು, ನನ್ನ ಕಡೆ ನೋಡಿ, ಆಗುವುದಿಲ್ಲ ಎನ್ನುವಂತೆ ತಲೆಯಾಡಿಸಿ ಬೂಟು ಹಾಕಿಕೊಂಡರು.

ಭಾನುವಾರ ಬೆಳಿಗ್ಗೆ ನಾನು ದೀಪ ಹಚ್ಚಿ ಹಿಂದಿನ ದಿನದ ಹೂವು ತೆಗೆಯುತ್ತಿದ್ದೆ. ಮಗಳು ಕೆಳಗಿಳಿದು ಬಂದಳು. ಮರುದಿನವೇ ಸೋಮವಾರ. ಶೆಲ್ಫಿನ ಎದುರು ನಿಂತು, ಪೂಜೆ ಮುಗಿಯುವುದು ಹೇಗೆ ಎಂದು ಕೇಳಿದಳು. ಮುಗಿದಿದೆ ಎಂದು ನೀನು ಹೇಳುತ್ತೀ, ನನಗಂತೂ ಏನೂ ಕಾಣಿಸಲಿಲ್ಲ, ಏನು ಮಾಡಿದರೆ ಮುಗಿಯುತ್ತದೆ?

"ಕದಲ್ಸೂದು," ಎಂದೆ.

ಆ ಮಾತು ಅವಳಿಗೆ ಗೊತ್ತಿರಲಿಲ್ಲ. ತೆಗೆಯುವುದಲ್ಲ, ಎತ್ತಿಡುವುದೂ ಅಲ್ಲ, ಇದ್ದಲ್ಲಿಂದ ಒಂದು ಚೂರು ಅಲುಗಿಸುವುದು, ಅಷ್ಟೇ ಎಂದು ಹೇಳಿದೆ. ಅಷ್ಟೇನಾ ಎಂದಳು. ಅಷ್ಟೇ, ಆದರೆ ಉತ್ತರದ ಕಡೆಗೆ ಕದಲಿಸಬೇಕು ಎಂದೆ.

ಅವಳು ಹುಬ್ಬು ಗಂಟಿಕ್ಕಿದಳು. "ಟುವರ್ಡ್ಸ್ ದಿ ಆನ್ಸರ್?"

ಭಾನುವಾರದ ಕನ್ನಡ ತರಗತಿಗೆ ಅವಳು ಎರಡು ಚಳಿಗಾಲ ಹೋಗಿದ್ದಳು. ಅಲ್ಲಿ ಕಲಿತದ್ದು ಪ್ರಶ್ನೆ, ಉತ್ತರ. ದಿಕ್ಕುಗಳ ಪಾಠಕ್ಕೆ ಮೊದಲೇ ಬಿಟ್ಟಿದ್ದಳು.

"ಆ ಉತ್ತರ ಅಲ್ಲ ಹೆಣ್ಣೇ. ನಾರ್ತ್."

"ವೇರ್ ಈಸ್ ನಾರ್ತ್?"

ಕಿಟಕಿ ತೋರಿಸಿದೆ. ಈ ಮನೆಗೆ ಬಂದ ಮೊದಲ ದಸರಾಕ್ಕೆ ಇವರನ್ನು ಕೇಳಿದ್ದೆ, ಹ್ವಾಯ್, ಉತ್ತರ ಯಾವ ಕಡೆ ಎಂದು. ಅವತ್ತು ಮೋಡ ಮುಚ್ಚಿತ್ತು. ಇವರು ಹಲ್ಲುಜ್ಜುತ್ತ ಬ್ರಶ್ಶಿನಲ್ಲೇ ಕಿಟಕಿ ತೋರಿಸಿದ್ದರು. ಅಂದಿನಿಂದ ಪ್ರತಿ ವರ್ಷ ಗಣಪತಿಯಿಂದ ಹಿಡಿದು ಕಾರಿನ ಕೀಯವರೆಗೆ ಎಲ್ಲವನ್ನೂ ಕಿಟಕಿಯ ಕಡೆಗೇ ಕದಲಿಸುತ್ತ ಬಂದಿದ್ದೆ.

ಮಗಳು ಕಿಟಕಿಯಾಚೆ ನೋಡಿದಳು. ನಮ್ಮ ಬೀದಿಯ ಮೇಲೆ ಎಂದಿನಂತೆ ಒಂದು ವಿಮಾನ ಚಕ್ರ ಇಳಿಬಿಟ್ಟುಕೊಂಡು, ಹಿಂದಿನ ಮನೆಗಳ ಚಿಮಣಿಯಾಚೆ ಮರೆಯಾಯಿತು. ಅವಳು ಫೋನು ತೆಗೆದು ಅದರಲ್ಲಿದ್ದ ದಿಕ್ಸೂಚಿಯನ್ನು ಶೆಲ್ಫಿನ ಮೇಲೆ, ಗಣಪತಿಯ ಕಾಲ ಬುಡದಲ್ಲಿಟ್ಟಳು. ಮುಳ್ಳು ಸ್ವಲ್ಪ ತೂಗಾಡಿ ಶೆಲ್ಫಿನ ಹಿಂದಿನ ಗೋಡೆಯ ಕಡೆ ನಿಂತಿತು. ಫೋನನ್ನು ತಿರುಗಿಸಿ ಇಟ್ಟಳು. ಮುಳ್ಳು ಮತ್ತೆ ಗೋಡೆಗೇ ಬಂತು, ಅದರಾಚೆ ಇರುವುದು ಬಾಯ್ಲರ್. ಅವಳು ಕಿಟಕಿಯ ಕಡೆ ಕೈ ತೋರಿಸಿದಳು.

"ಅಮ್ಮಾ, ಅದು ವೆಸ್ಟ್. ಅದು ಏರ್‌ಪೋರ್ಟ್."

ಏರ್‌ಪೋರ್ಟ್ ನಮಗೆ ಪಶ್ಚಿಮಕ್ಕೆ ಎಂಬುದು ಹೌನ್ಸ್ಲೋದ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ಅದು ಬಸ್ಸಿನ ಬೋರ್ಡಿಗೆ ಸಂಬಂಧಿಸಿದ ವಿಷಯ. ದೇವರ ಶೆಲ್ಫಿನ ಹತ್ತಿರ ಅದನ್ನು ತಂದು ನೋಡಿರಲಿಲ್ಲ. ವಿಮಾನಗಳು ದಿನಾ ಆ ಕಡೆಗೇ ಇಳಿಯುವುದನ್ನು ನೋಡುತ್ತ ಪಾತ್ರೆ ತೊಳೆದಿದ್ದೇನೆ. ಅಷ್ಟು ವರ್ಷ ನನ್ನ ದೇವರೂ ಕತ್ತರಿಯೂ ಇವರ ಚೂರಿಯೂ ಹೀಥ್ರೂ ಕಡೆಗೇ ಕದಲುತ್ತಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಅಳು ಬೆರೆಯದ ಆ ನಗುವನ್ನು ಬೇಸಿಗೆಯ ನಂತರ ನಾನು ಕೇಳಿದ್ದು ಆಗಲೇ. ಇವರು ಮೇಲಿನಿಂದ ಎಂತ ಆಯ್ತ್ ಎಂದು ಕೂಗಿದರು. ಹೇಳಿದೆವು. ಅವತ್ತು ತಾನು ಬ್ರಶ್ಶಿನಲ್ಲಿ ತೋರಿಸಿದ್ದು ಟವೆಲ್ ಎಲ್ಲಿ ಎಂದು ಕೇಳಲಿಕ್ಕಿರಬೇಕು ಎಂದರು.

ನಗು ಇಳಿದ ಮೇಲೆ ಮಗಳು ಶೆಲ್ಫಿಗೆ ಕೈಯೂರಿ ನಿಂತಳು.

"ಇಷ್ಟ್ ವರ್ಷ ರಾಂಗ್ ಡೈರೆಕ್ಷನ್," ಎಂದಳು. "ಏನಾಯ್ತು?"

ಕೇಳಿದ್ದು ಕನ್ನಡದಲ್ಲಿ. ಆಂಟಿಯರು ಯಾರೂ ಇರಲಿಲ್ಲ, ಹಸಿವೆಯೂ ಇರಲಿಲ್ಲ. ಅವಳು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಸುಳ್ಳು ಹೇಳುವಂತಿರಲಿಲ್ಲ. ಇವರ ಕೆಲಸ ನಡೆದಿತ್ತು, ನನ್ನ ಹೊಲಿಗೆ ನಡೆದಿತ್ತು, ಕಾರು ವರ್ಷದ ಎಂಒಟಿ ತಪಾಸಣೆಯಲ್ಲಿ ಪಾಸಾಗುತ್ತಿತ್ತು.

"ಎಂತ ಆಯ್ಲಿಲ್ಲ," ಎಂದೆ.

"ಈಗ ಸರಿ ಮಾಡಿದ್ರೆ?"

"ಸರಿ ಮಾಡ್ರೆ ಎಂತ ಆತ್ತ್? ಅಡ್ಡಿಲ್ಲೆ."

ಹೇಳಿದ ಮೇಲೆ, ಅವಳ ಓದಿಗೂ ಅದೇ ಮಾತು ಹೇಳಿದಂತಾಯಿತು ಎಂದು ನನಗೇ ಹೊಳೆಯಿತು. ವಾಪಸು ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ. ಅವಳು ಎರಡು ಪುಸ್ತಕ, ಅದರ ಮೇಲಿದ್ದ ಕಪ್ಪು ಪೆಟ್ಟಿಗೆ, ಮೂರನ್ನೂ ಒಟ್ಟಿಗೆ ಎರಡು ಕೈಯಲ್ಲಿ ಹಿಡಿದು ಹಿಂದಿನ ಗೋಡೆಯ ಕಡೆಗೆ ತಳ್ಳಿದಳು. ಹೆಚ್ಚು ಜಾಗವಿರಲಿಲ್ಲ. ಪುಸ್ತಕದ ಬೆನ್ನು ಗೋಡೆಗೆ ತಾಗಿತು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು, ಮುಚ್ಚಳದ ಮೇಲಿನ ಒಣ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ, ನಾಳೆ ಹೋಗಿ ಹೇಳಿ ಬರುತ್ತೇನೆ ಎಂದಳು. ಪರೀಕ್ಷೆಗೆ ಅಲ್ಲ ತಾನೇ ಎಂದು ಕೇಳಿದೆ. ಅಲ್ಲ ಎಂದಳು. ಚಹಾ ಮಾಡಿದೆ. ಅದನ್ನು ಬಿಸಿ ಇರುವಾಗಲೇ ಕುಡಿದಳು.

ಸೋಮವಾ‌ರ ಅವಳು ಪೆಟ್ಟಿಗೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೋದಳು. ಸಹಪಾಠಿಯೊಬ್ಬಳ ಸಾಧನದ ಬಲ್ಬು ಕೆಟ್ಟಿತ್ತಂತೆ, ಪರೀಕ್ಷೆಗೆಂದು ಅವಳಿಗೆ ಕೊಟ್ಟು, ವಿಭಾಗದವರಲ್ಲಿ ಮಾತಾಡಿ ಬಂದಳು. ಸೂಪರ್‌ವೈಸರ್ ಬಯ್ಯಲಿಲ್ಲ. ಹಬ್ಬ ಚೆನ್ನಾಗಿ ಮುಗಿಯಿತೇ ಎಂದು ಕೇಳಿದರಂತೆ. ಈಗ ಮುಗಿಯಿತು ಎಂದಳಂತೆ.

ಆಮೇಲಿನ ತಿಂಗಳುಗಳು ಸಲೀಸಾಗಿರಲಿಲ್ಲ. ಕ್ರಿಸ್‌ಮಸ್‌ವರೆಗೂ ಅವಳು ಬಹಳ ಮಲಗಿದಳು. ನಾನು ಬಾಗಿಲವರೆಗೆ ಹೋಗಿ ವಾಪಸು ಬರುತ್ತಿದ್ದೆ. ಕಿಂಗ್ಸ್‌ಬರಿಯ ಕೂಟಕ್ಕೆ ನಾನೊಬ್ಬಳೇ ಹೋಗಿ, ಡಾಕ್ಟ್ರಮ್ಮ ಎಲ್ಲಿ ಎಂದವರಿಗೆ ಓದು ನಿಲ್ಲಿಸಿದ್ದಾಳೆ ಎಂದೆ. ಬೆಂಗಳೂರಿನ ಆ ಹೆಂಗಸು, ಅಯ್ಯೋ, ಇನ್ನೆರಡೇ ವರ್ಷ ಇತ್ತಲ್ಲ ಎಂದರು. ಹೌದು ಎಂದೆ. ಅವರ ಮೆಟ್ಟಿಲು ಇನ್ನೂ ಓರೆಯಾಗಿಯೇ ಕಾಣುತ್ತಿತ್ತಂತೆ.

ಚಳಿ ಕಡಿಮೆಯಾದ ಮೇಲೆ ಮಗಳು ಏರ್‌ಪೋರ್ಟಿನಲ್ಲಿ ಕೆಲಸಕ್ಕೆ ಸೇರಿದಳು, ನಡೆಯಲಾಗದವರನ್ನು ಗಾಲಿಕುರ್ಚಿಯಲ್ಲಿ ವಿಮಾನದವರೆಗೆ ತಲುಪಿಸುವ ಕೆಲಸ. ಇಷ್ಟವಾ ಎಂದು ಕೇಳಿದೆ. ಕಾಲು ನೋಯುತ್ತದೆ, ಆದರೆ ಜನ ಹೇಳುವುದು ಕೇಳಿಸುತ್ತದೆ ಎಂದಳು. ಬೇಸಿಗೆಗೆ ಮುಂಚೆ ಕಾಲೇಜಿಗೆ ಹೋಗಿ, ಇನ್ನು ಆ ಕೋರ್ಸಿಗೆ ಬರುವುದಿಲ್ಲ ಎಂದೂ ಹೇಳಿ ಬಂದಳು. ರೆಟಿನೋಸ್ಕೋಪನ್ನು ಆ ಸಹಪಾಠಿಗೇ ಬಿಟ್ಟುಕೊಟ್ಟಳು. ಮುಂದೆ ಓದುವುದಕ್ಕೆ ಬೇರೆ ಎರಡು ಕೋರ್ಸುಗಳ ಮಾತಾಡುತ್ತಿದ್ದಾಳೆ. ಅವಳು ಮಾತೆತ್ತಿದಾಗಲೆಲ್ಲ ಇವರು ತಮ್ಮ ಹೊಸ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಒಂದಾ, ಎರಡಾ, ಎರಡೂ ಒಂದೇನಾ ಎಂದು ಕೇಳುತ್ತಾರೆ. ಸದ್ಯಕ್ಕೆ ಎರಡೂ ಒಂದೇ ಅಲ್ಲ ಎನ್ನುತ್ತಾಳೆ. ಅಷ್ಟು ಗೊತ್ತಾಗಿರುವುದು ನನಗೆ ಸಮಾಧಾನ.

ಈ ವರ್ಷದ ಆಯುಧ ಪೂಜೆಗೆ ಅವಳು ಇಟ್ಟದ್ದು ಕೆಲಸದಲ್ಲಿ ಹಾಕಿಕೊಳ್ಳುವ ಕೈಗವಸು. ಅದಕ್ಕೆ ಕುಂಕುಮ ಹಚ್ಚಿದರೆ ಕಲೆ ಹೋಗುವುದಿಲ್ಲ ಎಂದು ಗಂಧದ ಒಂದು ಚುಕ್ಕೆ ಮಾತ್ರ ಇಟ್ಟೆ. ವಿಜಯದಶಮಿಯ ಬೆಳಿಗ್ಗೆ ಅವಳಿಗೂ ಬೇಗ ಹೊರಡಬೇಕಿತ್ತು, ಆರತಿಗೆ ಮೂವರೂ ನಿಂತೆವು. ಆಮೇಲೆ ಅವಳು ಸ್ಟೂಲು ಹತ್ತಿ ಅಲಾರ್ಮಿನ ಶವರ್ ಕ್ಯಾಪ್ ಬಿಚ್ಚುತ್ತಿದ್ದಳು. ನಾನು ಗಣಪತಿಯನ್ನೂ ಕತ್ತರಿಯನ್ನೂ ಹಿಡಿದು ಕದಲಿಸಿದೆ. ಕೈ ತನ್ನ ಪಾಡಿಗೆ ಕಿಟಕಿಯ ಕಡೆಗೇ ಹೋಯಿತು.

"ಅಮ್ಮಾ," ಎಂದಳು ಮೇಲಿನಿಂದ. "ಏರ್‌ಪೋರ್ಟ್."